ವ್ಯಾನಿಗೊಂದು ಕರೆಂಟ್ ಲೈನು

ಅಪ್ಪ ಮದರಾಸಿನ ಗಿಂಡಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ಮೂಲೆಗೆ ತಳ್ಳಿದ್ದ ಹಳೆಯ ಡೆಲಿವರಿ ವ್ಯಾನನ್ನು ಅವನು ಮನೆಗೆ ತಂದ ದಿನ ಅಮ್ಮ, "ಇದೊಂದ್ ಕಮ್ಮಿ ಇದ್ದಿತ್ ನಮ್ಗೆ" ಎಂದು ಕುಂದಾಪುರದ ಮಾತಿನಲ್ಲಿ ಮೂತಿ ತಿರುವಿದ್ದಳು. ಅಪ್ಪ ಜಗ್ಗಲಿಲ್ಲ. ಎರಡು ಮಂಚ, ಸೀಮೆಎಣ್ಣೆ ಸ್ಟೋವಿಗೊಂದು ಕಟ್ಟೆ, ಒಂದು ಬಲ್ಬು, ಒಂದು ಟೇಬಲ್ ಫ್ಯಾನು, ಎಲ್ಲವನ್ನೂ ಅದರೊಳಗೆ ಕೂರಿಸಿಯೇ ಬಿಟ್ಟ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಯನ್ನೇ ಚಕ್ರದ ಮೇಲಿಟ್ಟುಕೊಂಡು ತಿರುಗುವ ಹುಚ್ಚು ಮದರಾಸಿನ ನಮ್ಮ ಬೀದಿಯಲ್ಲಿ ಅವನೊಬ್ಬನಿಗೇ ಇದ್ದದ್ದು. ಕೆಲವು ಶನಿವಾರ ಊರಾಚೆ ಕೋವಳದ ಕಡಲ ದಂಡೆಗೆ ಹೋಗಿ, ಟೀ ಅಂಗಡಿಯಿಂದ ಕರೆಂಟ್ ಲೈನ್ ಎಳೆದುಕೊಂಡು ಮಲಗಿ, ಭಾನುವಾರ ಮೈತುಂಬ ಮರಳು ಹೊತ್ತು ವಾಪಸಾಗುತ್ತಿದ್ದೆವು.

ಲೈನ್ ಎಳೆಯುವಾಗ ಅಪ್ಪ ಮಡಿಯುಟ್ಟ ಭಟ್ಟರಿಗಿಂತ ಕಟ್ಟುನಿಟ್ಟು. ಡ್ರಮ್ಮಿಗೆ ಸುತ್ತಿದ ಕೇಬಲ್ಲನ್ನು ಪೂರ್ತಿ ಬಿಚ್ಚಬೇಕು, ಸುತ್ತಿದ್ದ ಹಾಗೇ ಬಿಟ್ಟರೆ ಒಳಗೊಳಗೇ ಕಾದು ಕರಗುತ್ತದೆ. ವ್ಯಾನಿನ ಮೈಯೆಲ್ಲ ತಗಡಾದ್ದರಿಂದ, ಮುಟ್ಟಿದವರಿಗೆ ಶಾಕ್ ಹೊಡೆಯದಂತೆ ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ಅರ್ತ್ ಸರಿಯಿದೆಯೇ ನೋಡಬೇಕು. ಜೋಡಿಸುವಾಗ ಮೊದಲು ವ್ಯಾನಿನ ಕಡೆ, ಆಮೇಲೆ ಗೋಡೆಯ ಕಡೆ. ಬಿಚ್ಚುವಾಗ ಮೊದಲು ಗೋಡೆಯದು. ಬರೀ ವೈರುಗಳನ್ನು ಬೆಂಕಿಕಡ್ಡಿ ತುರುಕಿ ಸಾಕೆಟ್ಟಿನಲ್ಲಿ ನಿಲ್ಲಿಸಿದ್ದನ್ನು ಕಂಡರೆ ಅವನಿಗೆ ಜ್ವರವೇ ಬರುತ್ತಿತ್ತು. ನಾನು ಸಮುದ್ರದಿಂದ ಒದ್ದೆ ಕಾಲಲ್ಲಿ ಓಡಿ ಬಂದರೆ, "ಕಾಲು ಒರೆಸ್ಕೊಳ್ಳೇ! ನೀನು ನನ್ನ ಮುದ್ದಿನ ಮಗಳು ಅಂತ ಕರೆಂಟಿಗೇನು ಗೊತ್ತು?" ಎಂದು ಗದರುತ್ತಿದ್ದ. "ಸರಿಪ್ಪಾ" ಎಂದು ನಾನು ತಮಿಳಿನಲ್ಲೇ ಜಾರಿಕೊಳ್ಳುತ್ತಿದ್ದೆ.

ಅಮ್ಮನ ತವರು ಎಗ್ಮೋರಿನಲ್ಲಿತ್ತು. ಅಜ್ಜಯ್ಯ ಸ್ಟೇಷನ್ನಿನ ಹತ್ತಿರದ ಓಣಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಮನೆ ಅದರ ಮೇಲೆ. ಅಮ್ಮ ಜಾತಿ ಬಿಟ್ಟು ಮೈಸೂರಿನ ಕಡೆಯ ಅಪ್ಪನನ್ನು ಮದುವೆಯಾದಾಗ ಅವರು, "ಇನ್ ಈ ಮೆಟ್ಲ್ ಹತ್ಬೇಡ" ಎಂದಿದ್ದರಂತೆ. ಗಿಂಡಿಯಿಂದ ಎಗ್ಮೋರಿಗೆ ಎಲೆಕ್ಟ್ರಿಕ್ ಟ್ರೇನಿನಲ್ಲಿ ಎಷ್ಟು ಹೊತ್ತು ಮಹಾ! ಸಮುದ್ರ ದಾಟಿ ಹೋದವರೂ ತವರಿಗೆ ಬಂದು ಹೋಗುತ್ತಾರೆ. ಅಮ್ಮ ಮಾತ್ರ, ಟ್ರೇನು ಎಗ್ಮೋರಿನಲ್ಲಿ ನಿಂತಾಗಲೆಲ್ಲ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಹೋಟೆಲಿನ ಸಪ್ಲೈಯರ್ ಬಂದು, ಅಜ್ಜಿಗೆ ಕಾಲು ಸ್ವಾಧೀನವಿಲ್ಲ, ಹಾಸಿಗೆ ಹಿಡಿದಿದ್ದಾರೆ ಎಂದ. ಅಮ್ಮನಿಗೆ ಅನ್ನ ಸೇರದಾಯಿತು. ಕೊನೆಗೆ ಅಪ್ಪನೇ, "ಮೆಟ್ಟಿಲು ಹತ್ತಬೇಡ ಅಂದಿದಾರೆ. ಓಣಿಗೆ ಬರಬೇಡ ಅಂದಿಲ್ಲವಲ್ಲ" ಎಂದು ವ್ಯಾನ್ ಹೊರಡಿಸಿದ. ಶನಿವಾರ ಸಂಜೆ ನಾವು ಅಜ್ಜಿಯ ಮನೆಯ ಕೆಳಗೇ ಬಿಡಾರ ಹೂಡಿದೆವು.

ಮೇ ತಿಂಗಳ ಕತ್ತರಿ ಬಿಸಿಲಿಗೆ ವ್ಯಾನು ದೋಸೆ ಕಾವಲಿಯಾಗಿತ್ತು. ಕಡಲೆ ಸುಂಡಲ್ ಮಾರುವ ಗಾಡಿಯವನು ಬೀದಿ ಕಂಬ ತೋರಿಸಿ, ತನ್ನ ಹಾಗೇ ಮೇಲಿನ ತಂತಿಗೆ ಕೊಕ್ಕೆ ಹಾಕಿಕೊಳ್ಳಿ ಎಂದು ಉಪದೇಶ ಮಾಡಿದ. "ಕದ್ದ ಕರೆಂಟಿಗೆ ಫ್ಯೂಸೂ ಇಲ್ಲ, ಅರ್ತೂ ಇಲ್ಲ" ಎಂದು ಅಪ್ಪ ಸೀದಾ ಹೋಟೆಲಿನೊಳಕ್ಕೆ ನಡೆದ. ನಾನೂ ಹಿಂದೆಯೇ ಹೋದೆ. ಮಾವನ ಜೊತೆ ಅಳಿಯ ಆಡಿದ ಮೊದಲ ಮಾತು ಇದು: "ಒಂದು ತ್ರೀ ಪಿನ್ ಪಾಯಿಂಟ್ ಬೇಕಿತ್ತು. ಅರ್ತ್ ಇರೋದು."

ಗಲ್ಲಾದಲ್ಲಿದ್ದ ಅಜ್ಜಯ್ಯ ಅಪ್ಪನನ್ನು ನೋಡಿದರು, ನನ್ನನ್ನೂ ನೋಡಿದರು. "ಗ್ರೈಂಡರ್ ಕೋಣೆಯಲ್ಲಿ ಇತ್ತ್" ಎಂದರು. ಅಷ್ಟೇ. ಅಪ್ಪ ಕೇಬಲ್ಲನ್ನು ಯಾರ ಕಾಲಿಗೂ ಸಿಗದಂತೆ ಗೋಡೆಯ ಮೇಲಿನ ಮೊಳೆಗಳಿಗೆ ಕಟ್ಟಿಕೊಂಡು ತಂದ. ಸ್ವಲ್ಪ ಹೊತ್ತಿಗೆ ಅಜ್ಜಯ್ಯ ಹೊರಗೆ ಬಂದು, ಅಮ್ಮನ ಕಡೆ ನೋಡದೆ ವ್ಯಾನಿನ ಬಾಗಿಲಿಗೆ ಕೇಳಿದರು: "ಫ್ಯಾನ್ ತಿರ್ಗತ್ತಾ?"

"ತಿರ್ಗತ್ತ್" ಎಂದಳು ಅಮ್ಮ.

ಮರುದಿನ ಊಟದ ಗಿರಾಕಿಗಳು ಕರಗಿದ ಮೇಲೆ ಇಬ್ಬರು ಸಪ್ಲೈಯರುಗಳು ಅಜ್ಜಿಯನ್ನು ಕುರ್ಚಿಸಮೇತ ಕೆಳಗೆ ಹೊತ್ತು ತಂದರು. ಮಗಳು ಮೇಲೆ ಬರಕೂಡದೆಂದರೆ ತಾಯಿ ಕೆಳಗಿಳಿಯಬಾರದೆಂದು ಎಲ್ಲಿದೆ? ಅಜ್ಜಿ ನಮ್ಮ ಮಂಚದ ಮೇಲೆ ಕೂತು, ಫ್ಯಾನಿಗೆ ಮುಖವೊಡ್ಡಿ, ಅಮ್ಮ ಮಾಡಿದ ತಿಳಿಸಾರನ್ನು ಲೋಟದಲ್ಲಿ ಕುಡಿದರು. ಇಬ್ಬರೂ ಅಳಲಿಲ್ಲ. ಹುಣಸೆಹಣ್ಣು ಎಲ್ಲಿ ಕೊಳ್ಳುವುದು, ನನ್ನ ಕೂದಲು ಯಾಕೆ ಇಷ್ಟು ತೆಳ್ಳಗೆ, ಇಂಥವೇ ಮಾತು. ಅಷ್ಟು ವರ್ಷ ಕಾದು ಇವರು ಹುಣಸೆಹಣ್ಣಿನ ಸುದ್ದಿ ಆಡುತ್ತಾರಲ್ಲ ಎಂದು ನನಗೆ ರೇಗಿಹೋಯಿತು.

ಸಂಜೆ ಅಜ್ಜಿಯನ್ನು ಎತ್ತಿಕೊಂಡು ಹೊರಟಾಗ ಅಮ್ಮ ಮೆಟ್ಟಿಲ ಬುಡದವರೆಗೆ ಹೋಗಿ ನಿಂತಳು. "ಹತ್ತ್, ಮಗಾ" ಎಂದರು ಅಜ್ಜಿ.

"ಅಪ್ಪಯ್ಯ ಹೇಳ್ಲಿ" ಎಂದಳು ಅಮ್ಮ.

ಅಜ್ಜಯ್ಯ ಅಲ್ಲೇ ಇದ್ದರು. ಹೆಗಲ ಮೇಲಿನ ಬೈರಾಸು ಕೊಡವಿದರು. "ಫ್ಯಾನ್ ಸಾಕಾಯ್ತಾ?" ಎಂದರು. ಅಮ್ಮ "ಸಾಕಾಯ್ತ್" ಎಂದು ತಿರುಗಿ ಬಂದುಬಿಟ್ಟಳು. ಇಬ್ಬರದೂ ಒಂದೇ ಎರಕ. ಆಮೇಲೆ ಅಪ್ಪ ಪ್ರತಿ ಶನಿವಾರ "ಎಗ್ಮೋರಿಗೆ ಹೋಗೋಣವಾ?" ಎಂದು ಕೇಳುತ್ತಿದ್ದ. "ಕರೆದ್ರೆ ಹೋಪ" ಎನ್ನುತ್ತಿದ್ದಳು ಅಮ್ಮ. ಕೋವಳವೂ ಬೇಡವಾಯಿತು. ವ್ಯಾನು ನಮ್ಮ ಬಾಗಿಲಲ್ಲೇ ನಿಂತು ಧೂಳು ತಿಂದಿತು.

ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಹಿಡಿದಾಗ ಕರೆ ಬಂತು. ಅಜ್ಜಿ ಹೋಗಿದ್ದರು. ಅಮ್ಮ ಆ ಮೆಟ್ಟಿಲುಗಳನ್ನು ಯಾರನ್ನೂ ಕೇಳದೆ ಹತ್ತಿದಳು.

ಹದಿಮೂರರ ಊಟ ಮುಗಿದ ಮೇಲೆ ಅದೇ ಸಪ್ಲೈಯರ್ ಪಾತ್ರೆ ಎತ್ತುತ್ತ ಅಮ್ಮನಿಗೆ ಹೇಳಿದ. ಆ ಭಾನುವಾರದ ನಂತರ ಅಜ್ಜಿ ತಮ್ಮ ಮಂಚವನ್ನು ಓಣಿ ಕಾಣುವ ಕಿಟಕಿಯ ಬಳಿಗೆ ಹಾಕಿಸಿಕೊಂಡಿದ್ದರಂತೆ. ಅಜ್ಜಯ್ಯನ ಅಪ್ಪಣೆಯಂತೂ ಅಡುಗೆಯವರಿಗೆ ದೊಡ್ಡ ತಲೆನೋವಾಗಿತ್ತಂತೆ: ಪ್ರತಿ ಶನಿವಾರ ಇಡ್ಲಿ ಹಿಟ್ಟನ್ನೆಲ್ಲ ಮಧ್ಯಾಹ್ನದೊಳಗೇ ರುಬ್ಬಿ ಮುಗಿಸಬೇಕು, ಸಂಜೆ ಗ್ರೈಂಡರಿನ ಪ್ಲಗ್ ಕಿತ್ತು ಪಾಯಿಂಟ್ ಖಾಲಿ ಇಡಬೇಕು, ವ್ಯಾನ್ ಬಂದರೆ ಬೇಕಾಗುತ್ತದೆ ಎಂದು.

ಅಮ್ಮ ಅಜ್ಜಿಯ ಬರಿಯ ಮಂಚದ ಮೇಲೆ ಕುಳಿತಳು. ಕಿಟಕಿಯಿಂದ ಓಣಿಗೆ ಬಗ್ಗಿ ನೋಡಿ ಅಪ್ಪನನ್ನು ಕೇಳಿದಳು: "ಆ ಶನಿವಾರ ಎಲ್ಲ ನಾವ್ ಮನೇಲೇ ಇದ್ದೆವಲ್ದಾ?"