ದೀಪ ಹಚ್ಚಿದ ಮೇಲೆ ಕತ್ತರಿ

ಗಿರಿಜಕ್ಕನ ಅಂಗಡಿಯಲ್ಲಿ ಕೆಲಸ ಹೆಚ್ಚಾದಷ್ಟೂ ಸಂಜೆ ಬೇಗ ಆಗುತ್ತಿತ್ತು.

ದೀಪ ಹಚ್ಚಿದ ಮೇಲೆ ಕತ್ತರಿ ಮುಟ್ಟಬಾರದು ಎಂಬ ಮಾತು ನಿಟ್ಟುವಳ್ಳಿಯ ಎಲ್ಲ ಮನೆಗಳಲ್ಲೂ ಉಂಟು. ಆದರೆ ದೀಪ ಎಷ್ಟು ಹೊತ್ತಿಗೆ ಹಚ್ಚಬೇಕೆಂದು ಯಾರೂ ಹೇಳಿಲ್ಲವಲ್ಲ! ಆ ಸಂದಿಯಲ್ಲೇ ನಮ್ಮ ಟೇಲರ್ ಗಿರಿಜಕ್ಕ ಸಂಸಾರ ಹೂಡಿದ್ದಳು. ಬೇರೆ ದಿನ ಆರೂವರೆಗೆ ಹಚ್ಚುವವಳು, ಮದುವೆ ಸೀಸನ್ನಿನಲ್ಲಿ ಬ್ಲೌಸುಗಳು ಗುಡ್ಡೆ ಬಿದ್ದಾಗ ಐದಕ್ಕೇ ಹಚ್ಚಿಬಿಡುವಳು. ಗಿರಾಕಿ ತಕರಾರು ತೆಗೆದರೆ, "ದೀಪ ಹಚ್ಚೀನಲ್ರೀ, ಇನ್ನು ಕತ್ತರಿ ಹಿಡಿಯಂಗಿಲ್ಲ" ಎಂದು ಮುಖ ಸಣ್ಣ ಮಾಡಿಕೊಂಡು ಹೇಳಿ, ಅವರು ಹೋದದ್ದೇ ತಡ ಮಂಡಕ್ಕಿ ಮಿರ್ಚಿ ಪೊಟ್ಟಣ ಬಿಚ್ಚುವಳು.

ಅವಳ ಹತ್ತಿರ ಕೆಲಸ ಕಲಿಯಲು ಸೇರಿದ ನಾನೋ, ಮಹಾ ಪುಕ್ಕಲಿ. ಒಂದು ಹೊಲಿಗೆ ಸೊಟ್ಟ ಹೋದರೆ ಅನ್ನ ಸೇರದು. ಊಟ ಬಿಟ್ಟು ಹೊಲಿದರೆ ತಪ್ಪಾಗದು ಎಂದು ಅದ್ಯಾರು ನನಗೆ ಹೇಳಿದ್ದರೋ! ಹಾಗೆ ಉಪವಾಸ ಕೂತ ಒಂದು ಮಧ್ಯಾಹ್ನ, ಹರಿಹರದ ಮದುಮಗಳ ರೇಷ್ಮೆ ಬ್ಲೌಸಿನ ಎರಡೂ ತೋಳನ್ನು ಬಲಗೈಗೇ ಕತ್ತರಿಸಿಟ್ಟೆ. ಸೀರೆಯ ಜೊತೆಗೇ ಬಂದ ಬಟ್ಟೆ. ಒಂದು ಚೂರೂ ಉಳಿದಿರಲಿಲ್ಲ. ಮದುವೆಗೆ ನಾಲ್ಕೇ ದಿನ. ಕೆಲಸವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೇ ತೋಳುಗಳನ್ನು ಅಕ್ಕನ ಮುಂದಿಟ್ಟೆ.

ಗಿರಿಜಕ್ಕ ತೋಳುಗಳನ್ನು ತಿರುವಿ ಮುರುವಿ ನೋಡಿದಳು. ಎದ್ದು, ಮೂರು ಗಂಟೆಯ ಸುಡುಬಿಸಿಲಲ್ಲಿ ದೀಪ ಹಚ್ಚಿದಳು.

"ಹೆದರಿದ ಕೈಯಾಗ ಕತ್ತರಿ ಇರಬಾರ್ದು. ಮೊದ್ಲು ಉಣ್ಣು" ಎಂದಳು.

ಮರುದಿನ ನನ್ನನ್ನು ಬಸ್ಸಿನಲ್ಲಿ ಹರಿಹರಕ್ಕೆ ಕರೆದೊಯ್ದಳು. ದಾರಿಯುದ್ದಕ್ಕೂ ನಾನು ಸುಳ್ಳು ಹೊಸೆಯುತ್ತಿದ್ದೆ. ಇಲಿ ಕಡಿಯಿತು ಅನ್ನೋಣವೇ ಎಂದೂ ಕೇಳಿದೆ. ಇಲಿ ಇಷ್ಟು ಅಳತೆ ಹಿಡಿದು ಕಡಿಯುತ್ತದೇನೇ ಎಂದು ನಕ್ಕುಬಿಟ್ಟಳು. ಮದುಮಗಳ ತಾಯಿಗೆ ನನ್ನ ಬಾಯಿಂದಲೇ ನಿಜ ಹೇಳಿಸಿದಳು. ಆಯಮ್ಮ ಒಂದಿಷ್ಟು ಕೂಗಾಡಿ, ಕೊನೆಗೆ ಸೀರೆಯ ಒಳಗೆ ಸಿಕ್ಕಿಸುವ ತುದಿಯಲ್ಲಿ ಒಂದು ಗೇಣು ತೆಗೆದುಕೊಳ್ಳಲು ಒಪ್ಪಿದರು. ಗಿರಿಜಕ್ಕ ಕತ್ತರಿಯನ್ನು ನನ್ನ ಕೈಗೇ ಕೊಟ್ಟಳು. ಆ ಎಡತೋಳಿನಷ್ಟು ನೆಟ್ಟಗೆ ನಾನು ಈವರೆಗೆ ಇನ್ನೊಂದನ್ನು ಕತ್ತರಿಸಿಲ್ಲ.

ಎಷ್ಟೋ ವರ್ಷಕ್ಕೆ, ಕಣ್ಣು ಮಂಜಾದ ಮೇಲೆ ಗಿರಿಜಕ್ಕ ಅಂಗಡಿಯನ್ನು ನನಗೊಪ್ಪಿಸಿ, ಮಗಳ ಊರು ಕಡರನಾಯಕನಹಳ್ಳಿಗೆ ಹೋದಳು. ಫೋನು ಮಾಡಿದಾಗಲೆಲ್ಲ ಅವಳದ್ದು ಒಂದೇ ಪ್ರಶ್ನೆ: "ಇವತ್ತು ದೀಪ ಎಷ್ಟೊತ್ತಿಗೆ ಹಚ್ಚಿದಿ?" ಸುಳ್ಳು ಹೇಳಿದರೆ ದನಿಯಲ್ಲೇ ಹಿಡಿಯುತ್ತಿದ್ದಳು.

ಹೋದ ವರ್ಷದ ಮದುವೆ ಸೀಸನ್ನು, ಉಸಿರಾಡಲೂ ಪುರುಸೊತ್ತಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಅವಳ ಮಗಳ ಫೋನು ಬಂತು, ಅವ್ವ ಹೋದಳೆಂದು. ನಾನು ಎದ್ದು ದೀಪ ಹಚ್ಚಿದೆ. ಕೆಲಸ ಕಲಿಯುವ ಹುಡುಗಿಯರು ಯಾಕೆಂದು ಕೇಳದೆ ಕತ್ತರಿ ಕೆಳಗಿಟ್ಟರು.