ಉಜವಿ ಬಾಜೂ

ಅದು 1999ರ ದಸರೆ. ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಹುಕ್ಕೇರಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ವಿಭಾಗದ ಮುಖ್ಯಸ್ಥರು ಬಾಹುಬಲಿ ಕಾಕಾ. ಮಳೆಗಾಲವಿಡೀ ಲೂನಾ ಮೇಲೆ ಕೊಣ್ಣೂರ, ಕಲ್ಲೋಳಿ, ಮೂಡಲಗಿ ಎಂದು ತಿರುಗಿ, ಯಾರ ಹೊಲದ ಕಬ್ಬು ಯಾವಾಗ ನಾಟಿಯಾಗಿದೆ ಎಂದು ಕೇಳಿಕೊಂಡು ಬರುತ್ತಿದ್ದರು. ನಾನು ಅದನ್ನೆಲ್ಲ ಯುನಿಕ್ಸ್ ಸರ್ವರಿಗೆ ತುಂಬುತ್ತಿದ್ದೆ. ಯಾರ ಕಬ್ಬು ಮೊದಲು ಕಡಿಯಬೇಕೆಂಬ ಸರದಿ ಅದರಿಂದಲೇ ಹೊರಡುತ್ತಿತ್ತು. ಕಾಕಾಗೆ ಅದು ನಿವೃತ್ತಿಯ ಮುಂಚಿನ ಕೊನೆಯ ಹಂಗಾಮು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಮರುದಿನ ಬೆಳಿಗ್ಗೆ ಪರದೆ ಮೇಲೆ, ಒಂದು ಡಿಸ್ಕ್ ಕೆಟ್ಟಿದೆ ಎಂಬ ಸಂದೇಶ. ಸರ್ವರ್ ಪಕ್ಕದ ಪೆಟ್ಟಿಗೆಯಲ್ಲಿದ್ದದ್ದು ಎರಡು ಡಿಸ್ಕ್. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುತ್ತಿತ್ತು. ಕೆಟ್ಟದ್ದನ್ನು ತೆಗೆದರೆ ಚಿಂತೆಯಿಲ್ಲ, ಒಳ್ಳೆಯದನ್ನು ಎಳೆದರೆ ಕಾಕಾನ ಇಡೀ ಮಳೆಗಾಲದ ತಿರುಗಾಟ ನೀರುಪಾಲು. ಆದರೆ ಎರಡೂ ನೋಡಲು ಅವಳಿಜವಳಿ, ಮೇಲೊಂದು ಹೆಸರಿಲ್ಲ.

ಪುಣೆಯ ಇಂಜಿನಿಯರಿಗೆ ಫೋನ್ ಹಚ್ಚಿದೆವು. "ಯಂತ್ರದ ಮಾತು ನನಗ ತಿಳಿಯಂಗಿಲ್ಲ, ನೀನ ಮಾತಾಡು," ಎಂದು ಕಾಕಾ ದೂರ ಸರಿದರು. ಇಂಜಿನಿಯರ್ ಮಾತಾಡಿದ್ದು ಮರಾಠಿ, ನನಗೆ ಅರ್ಧಂಬರ್ಧ. ಒಳ್ಳೆಯ ಡಿಸ್ಕನ್ನು ಓದುವ ಕಮಾಂಡ್ ಕೊಡಿಸಿ, ಯಾವುದರ ದೀಪ ಮಿನುಗುತ್ತಿದೆ ಎಂದು ಕೇಳಿದರು. ನಮಗೆ ದೀಪವೇ ಕಾಣಲಿಲ್ಲ. ಆಗ ಅವರು ನಕ್ಷೆ ನೋಡಿಕೊಂಡು, "ಉಜವಿ ಬಾಜೂ, ಉಜವಿ," ಎಂದು ಒತ್ತಿ ಹೇಳಿದರು.

ನಾನು ಫೋನಿಗೆ ಕೈ ಅಡ್ಡ ಹಿಡಿದು, "ಕಾಕಾ, ಬಾಜೂ ಉಜ್ಜಬೇಕಂತ್ರಿ," ಎಂದೆ.

"ಪೂಜಿ ಮಾಡಿದ್ದು ಅಳಸಬಾರದೋ ತಮ್ಮಾ."

"ಪುಣೆದವ್ರ ಹೇಳಾಕತ್ತಾರ್ರಿ."

ಕಾಕಾ ಗೊಣಗುತ್ತಲೇ ಧೋತರದ ಚುಂಗಿನಿಂದ ಎರಡೂ ಡಿಸ್ಕನ್ನು ಉಜ್ಜಿದರು. ಹಿಂದಿನ ದಿನ ಅವರೇ ಹಚ್ಚಿದ ಗಂಧ, ಕುಂಕುಮ. ಡಿಸ್ಕಿನ ಹಣೆ ಯಾವುದೆಂದು ಹುಡುಕಿ ಸರಿಯಾಗಿ ದೀಪದ ಮೇಲೆಯೇ ದಪ್ಪಗೆ ಇಟ್ಟಿದ್ದರು. ಅದು ಅಳಿಸುತ್ತಿದ್ದಂತೆ ಬಲಗಡೆಯ ಡಿಸ್ಕಿನಲ್ಲಿ ಹಸಿರು ದೀಪ ಮಿನುಗತೊಡಗಿತು. ಎಡಗಡೆಯದು ಕಪ್ಪಗೇ ಇತ್ತು.

"ಬಲಗಡೇದು ಛಲೋ ಐತಿ, ಹೇಳ್ರಿ ಅವ್ರಿಗೆ," ಎಂದು ಫೋನನ್ನು ಕಾಕಾನ ಕೈಗಿಟ್ಟೆ. ಅವರಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು. ಮಾತಾಡುತ್ತ ಆಡುತ್ತ ಅವರ ಮುಖ ಬಿಳಿಚಿತು. ಮರಾಠಿಯಲ್ಲಿ ಉಜವಿ ಬಾಜೂ ಎಂದರೆ ಬಲಗಡೆ. ಬಲಗಡೆಯದನ್ನು ತೆಗೆಯಿರಿ ಎಂದಿದ್ದರು ಇಂಜಿನಿಯರ್. ಅವರ ನಕ್ಷೆ ಪೆಟ್ಟಿಗೆಯ ಹಿಂಬದಿಯದು, ನಾವು ನಿಂತದ್ದು ಮುಂದೆ. ನನಗೆ ಮರಾಠಿ ಬಂದಿದ್ದರೆ ಒಳ್ಳೆಯ ಡಿಸ್ಕನ್ನೇ ಎಳೆದು ಕೈಯಲ್ಲಿ ಹಿಡಿದಿರುತ್ತಿದ್ದೆ.

ಎಡಗಡೆಯದನ್ನು ತೆಗೆದೆವು. ಸರದಿ ಉಳಿಯಿತು. ಕಾಕಾ ಕುರ್ಚಿಯಲ್ಲಿ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಿವೃತ್ತಿಯ ದಿನ ಕೊರಳಲ್ಲಿ ಹಾರವಿರುವಾಗಲೇ ನನ್ನ ಕೈ ಹಿಡಿದು, "ಎಲ್ಲಾ ಕಲಿ ತಮ್ಮಾ, ಮರಾಠಿ ಒಂದ್ ಕಲಿಬ್ಯಾಡ," ಎಂದರು.

ಕಾಕಾ ಈಗಿಲ್ಲ. ಖಂಡೇಪೂಜೆಯ ದಿನ ಮನೆಯ ಕಂಪ್ಯೂಟರಿಗೆ ಕುಂಕುಮ ಇಡುವಾಗ ದೀಪ ಬಿಟ್ಟು ಬಾಜೂಕ್ಕೆ ಇಡುತ್ತೇನೆ. ಹೆಂಡತಿ ನಿಪ್ಪಾಣಿ ಕಡೆಯವಳು. ಮಾವನ ಮನೆಯಲ್ಲಿ ಎಲ್ಲರೂ ಮರಾಠಿಯಲ್ಲಿ ಹರಟುವಾಗ ಇಂದಿಗೂ ನಾನು ಮೂಕನಂತೆ ಕೂರುತ್ತೇನೆ. ಕಾಕಾನ ಮಾತು ಮೀರಿಲ್ಲ.