ಶನಿವಾರಸಂತೆಗೆ ಬಂದ ಕಾರ್ಡೋಬಾದ ದೊರೆ

ಯುಗಾದಿಯ ಬೆಳಿಗ್ಗೆ ಹಿತ್ತಲಿನ ಬೇವಿನ ಹೂ ಬಿಡಿಸುವಾಗ ನನಗೆ ದೇವರಿಗಿಂತ ಮೊದಲು ಅಬ್ದುಲ್ ರಹಮಾನನ ನೆನಪಾಗುತ್ತದೆ. ನಗಬೇಡಿ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸ್ಪೇನಿನಲ್ಲಿ ಆಳಿದ ಮುಸಲ್ಮಾನ ದೊರೆಗೂ ಶನಿವಾರಸಂತೆಯ ಈ ಮುದುಕಿಗೂ ಏನು ನಂಟು ಎಂದು ನೀವು ಕೇಳುವುದು ನ್ಯಾಯವೇ.

ನಾನು ಅರಸೀಕೆರೆ ಕಡೆಯವಳು. ಮೇಷ್ಟರನ್ನು ಮದುವೆಯಾಗಿ ಇಲ್ಲಿಗೆ ಬಂದಾಗ ಕೊಡಗು ಬೇರೆಯೇ ರಾಜ್ಯ. ಮಳೆಯೋ, ಅಬ್ಬಬ್ಬಾ! ಒಗೆದ ಸೀರೆ ಒಣಗುವುದಿಲ್ಲ, ಕಾಲಿಗೆ ಜಿಗಣೆ, ಹಬ್ಬಕ್ಕೆಂದರೆ ಒಂದೆಲೆ ಬೇವು ಸಿಗುವುದಿಲ್ಲ. ಮೊದಲ ಮಳೆಗಾಲದಲ್ಲೇ ತವರಿಗೆ ಹೊರಟು ಟ್ರಂಕು ತುಂಬಿದೆ.

"ಸಂತೆ ದಿನ ಬಸ್ಸು ಹತ್ತಿ ಹೋಗ್ತೀನಿ. ಮತ್ತೆ ಬರಲ್ಲ ಕಣ್ರೀ," ಎಂದೆ.

ಮೇಷ್ಟರು "ಹೂಂ" ಎಂದರು, ಅಷ್ಟೆ. ಜಗಳವಾಡಲೂ ಬಾರದ ಪ್ರಾಣಿ ಅದು.

ಸಂಜೆ ಒಲೆಯ ಮುಂದೆ ಬಂದು ಕೂತರು. "ನಾಳೆ ಹುಡುಗ್ರಿಗೆ ಚರಿತ್ರೆ ಪಾಠ ಇದೆ. ಒಂದ್ಸಲ ನಿನ್ನ ಮುಂದೆ ಹೇಳಿ ನೋಡ್ತೀನಿ, ಕೇಳೇ."

ಬೇಡವೆಂದರೂ ಕಿವಿ ಮುಚ್ಚಿಕೊಳ್ಳಲಾದೀತೇ? ಅಬ್ದುಲ್ ರಹಮಾನ ಡಮಾಸ್ಕಸ್ಸಿನ ರಾಜಮನೆತನದ ಹುಡುಗನಂತೆ. ಶತ್ರುಗಳು ಅವನ ಕಡೆಯವರನ್ನು ಸಿಕ್ಕಸಿಕ್ಕಲ್ಲಿ ಕೊಂದರು. ಇವನೂ ಇವನ ತಮ್ಮನೂ ದೊಡ್ಡ ನದಿಗೆ ಹಾರಿದರು. ದಡದಲ್ಲಿದ್ದವರು ವಾಪಸ್ ಬನ್ನಿ, ಏನೂ ಮಾಡುವುದಿಲ್ಲ ಎಂದು ಕೂಗಿದರು. ತಮ್ಮ ನಂಬಿ ತಿರುಗಿದ. ಇವನು ಆಚೆ ದಡದಿಂದ ನೋಡುತ್ತಿದ್ದಂತೆಯೇ ಅವನನ್ನು ಕಡಿದು ಹಾಕಿದರು. ನನ್ನ ಕೈಯ ಊದುಗೊಳವೆ ಅಲ್ಲೇ ನಿಂತಿತು.

ಆಮೇಲೆ ಮರಳುಗಾಡು, ತಾಯಿಯ ತವರಿನವರ ಆಸರೆ, ಸಮುದ್ರ, ಗುರುತಿಲ್ಲದ ನಾಡು. ಅಲ್ಲಿ ಕಾರ್ಡೋಬಾ ಪಟ್ಟಣ ಗೆದ್ದು ಮೂವತ್ತು ವರ್ಷಕ್ಕೂ ಮೇಲೆ ಆಳಿದನಂತೆ! ಎದ್ದರೆ ದಂಗೆ, ಕೂತರೆ ಒಳಸಂಚು. ಅದರ ನಡುವೆಯೇ ಭಾರೀ ಮಸೀದಿ ಕಟ್ಟಿಸಿದ. ತೋಟ ಮಾಡಿಸಿ, ತಾತನ ಅರಮನೆಯ ಹೆಸರಿಟ್ಟು, ತನ್ನ ನಾಡಿನ ಖರ್ಜೂರದ ಗಿಡ ನೆಡಿಸಿದ.

"ಅಷ್ಟು ದೊಡ್ಡ ದೊರೆ, ಊರಿಗೆ ಒಂದ್ಸಲನಾದ್ರೂ ಹೋಗಿ ಬಂದ್ನಾ?"

"ಇಲ್ಲ ಕಣೇ. ಕಾರ್ಡೋಬಾದಲ್ಲೇ ಮಣ್ಣಾದ."

ಎಲ್ಲ ಕಳೆದುಕೊಂಡವನು ರಾಜ್ಯ ಕಟ್ಟಿದ. ನಾನೋ ಜಿಗಣೆಗೆ ಹೆದರಿ ಟ್ರಂಕು ತುಂಬಿದ ಮಹಾರಾಣಿ! ಸಂತೆಯ ದಿನ ಬಸ್ಸು ಬಂತು, ಹೋಯಿತು. ಊರಿಂದ ಒಂದು ಬೇವಿನ ಸಸಿ ತಂದುಕೊಡು ಎಂದು ಅಣ್ಣನಿಗೆ ಹೇಳಿ ಕಳಿಸಿದೆ.

ಆ ಸಸಿ ಮಳೆಗೆ ಕೊಳೆಯಿತು. ಮುಂದಿನದೂ ಕೊಳೆಯಿತು. ಕೊನೆಗೊಂದನ್ನು ಮೇಷ್ಟರು ದಿಬ್ಬ ಮಾಡಿ ನೆಟ್ಟು, ಅದರ ಮೇಲೆ ತಮ್ಮ ಕೊಡೆ ಬಿಚ್ಚಿ ಕಟ್ಟಿದರು. ತಾವು ಆ ಮಳೆಗಾಲವೆಲ್ಲ ಕಂಬಳಿ ಕೊಪ್ಪೆ ಹಾಕಿಕೊಂಡು ಶಾಲೆಗೆ ಹೋದರು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಇವತ್ತು ಹೂ ಬಿಡಿಸುತ್ತಿದ್ದಾಗ ಅವರ ಹಳೆಯ ಶಿಷ್ಯನೊಬ್ಬ ಬಂದ. ಅವನಿಗೂ ತಲೆ ಪೂರ್ತಿ ನರೆತಿದೆ. ನಮ್ಮ ಮದುವೆಯಾದ ವರ್ಷ ಮೇಷ್ಟರ ಮುಂದೆ ಕೂತು ಕಲಿತವನು.

"ಅಬ್ದುಲ್ ರಹಮಾನನ ಪಾಠ ನೆನಪಿದೆಯೇನಪ್ಪಾ?" ಎಂದೆ.

"ಅದ್ಯಾವ ಪಾಠ ಅಮ್ಮಾ? ನಮ್ಗೆ ಇದ್ದಿದ್ದು ಮೈಸೂರು ಅರಸರು, ಕೊಡಗಿನ ಅರಸರು, ಅಷ್ಟೇ. ಆ ಹೆಸರು ಮೇಷ್ಟ್ರು ಯಾವತ್ತೂ ಎತ್ತಿದ್ದಿಲ್ಲ."

ಹೂವಿನ ತಟ್ಟೆ ಹಿಡಿದುಕೊಂಡೇ ಮರಕ್ಕೆ ಒರಗಿದೆ. ಹೋಗಬೇಡ ಎಂದು ಬಾಯಿಬಿಟ್ಟು ಹೇಳಲಾರದ ಮನುಷ್ಯ, ನನಗೊಬ್ಬಳಿಗಾಗಿ ಸಮುದ್ರದಾಚೆಯಿಂದ ಒಬ್ಬ ದೊರೆಯನ್ನೇ ಹುಡುಕಿ ತಂದಿದ್ದರು.